ವ್ಯಾಕ್ಸಿನಿಯಾ ವೈರಸ್‌ನ ಒಂದು ಜೀನ್ ಅಡಗಿಸಿದ್ದು: ನನ್ನ ಅನುಭವ

ಪಾಕ್ಸ್‌ವೈರಸ್ (ಸಿಡುಬಿನ ಬಳಗದ ವೈರಸ್; ನಾನು ಬಳಸೋ ವ್ಯಾಕ್ಸಿನಿಯಾ ಅದರಲ್ಲೊಂದು) ಮೇಲೆ ಜೀನ್ ಸೈಲೆನ್ಸಿಂಗ್, ಅಂದರೆ ಆರ್‌ಎನ್‌ಎ ಕತ್ತರಿಸಿ ಜೀನ್‌ನ ಕೆಲಸ ಅಡಗಿಸೋದು, ಮಾಡುತ್ತೇನೆ ಅಂದರೆ ಎಲ್ಲರೂ ಕೇಳೋದು ಒಂದೇ: ಅದು ಡಿಎನ್‌ಎ ವೈರಸ್ ಅಲ್ವಾ, ಆರ್‌ಎನ್‌ಎ ಕತ್ತರಿಸಿ ಏನು ಲಾಭ? ಲಾಭ ಇದೆ. ಈ ವೈರಸ್ ಜೀವಕೋಶದ ನ್ಯೂಕ್ಲಿಯಸ್‌ ಒಳಗೆ ಹೋಗೋದಿಲ್ಲ, ಆರ್‌ಎನ್‌ಎ ತಯಾರಿಸುವ ತನ್ನದೇ ಕಿಣ್ವ (ಆರ್‌ಎನ್‌ಎ ಪಾಲಿಮರೇಸ್) ಹೊತ್ತುಕೊಂಡು ಬಂದು, ನ್ಯೂಕ್ಲಿಯಸ್ ಹೊರಗಿನ ಸೈಟೋಪ್ಲಾಸಂನಲ್ಲೇ ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡುವ ಸೂಚನೆಯ ಪ್ರತಿ, ಮಾಡುತ್ತದೆ. ತನಗೆ ಹೊಂದುವ ಎಂಆರ್‌ಎನ್‌ಎ ಕತ್ತರಿಸುವಂತೆ ಮಾಡುವ ಪುಟ್ಟ ಎರಡೆಳೆಯ ಆರ್‌ಎನ್‌ಎ ತುಣುಕು, ಅಂದರೆ ಎಸ್‌ಐಆರ್‌ಎನ್‌ಎ, ಕೆಲಸ ಮಾಡೋದೂ ಅಲ್ಲೇ.

ಔಷಧಿ ಇಲ್ಲ ಅಂತಲ್ಲ. ಸಿಡುಬಿನ ಔಷಧಿ ಟೆಕೊವಿರಿಮಾಟ್‌ಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಹಿಡಿಯೋದು ವೈರಸ್‌ನ ಎಫ್13 ಎಂಬ ಒಂದೇ ಪ್ರೋಟೀನನ್ನು, ಆ ಜೀನ್‌ನಲ್ಲಿ ಸಣ್ಣ ಬದಲಾವಣೆ ಆದರೂ ವೈರಸ್ ತಪ್ಪಿಸಿಕೊಳ್ಳಬಹುದು. ಬೇರೆ ದಾರಿಯೂ ಕೈಯಲ್ಲಿರಬೇಕು.

ನಾನು ಆರಿಸಿಕೊಂಡದ್ದು ಡಿ5 ಜೀನ್. ಡಿಎನ್‌ಎ ನಕಲು ಮಾಡಲು ಇದು ಬೇಕೇ ಬೇಕು, ಸೋಂಕಿನ ಶುರುವಿನಲ್ಲೇ ತಯಾರಾಗುತ್ತದೆ. ಕೊನೆಗೆ ಬರುವ ಜೀನ್‌ಗಳನ್ನು ಹಿಡಿದರೆ ಅಷ್ಟರಲ್ಲಿ ನಕಲುಗಳು ಜಾಸ್ತಿ ಆಗಿರುತ್ತವೆ. ಹಿಂದಿನ ದಿನವೇ ಜೀವಕೋಶಕ್ಕೆ ಎಸ್‌ಐಆರ್‌ಎನ್‌ಎ ಸೇರಿಸಿ, ಮರುದಿನ ವ್ಯಾಕ್ಸಿನಿಯಾ ಹಾಕುತ್ತಿದ್ದೆ. ಎರಡು ದಿನ ಬಿಟ್ಟು ಕ್ರಿಸ್ಟಲ್ ವಯಲೆಟ್ ಬಣ್ಣ ಹಚ್ಚಿದರೆ, ಬದುಕಿರುವ ಕೋಶಗಳ ಹಾಸು ನೇರಳೆ ಆಗಿ, ವೈರಸ್ ತಿಂದ ಜಾಗ ಬಣ್ಣವಿಲ್ಲದ ತೂತಿನ ಹಾಗೆ ಕಾಣುತ್ತದೆ. ಡಿ5 ಹಿಡಿಯದ, ಹೋಲಿಕೆಗೆಂದು ಇಟ್ಟ (ಕಂಟ್ರೋಲ್) ತಟ್ಟೆಯ ಗುಳಿಗಳಲ್ಲಿ ತೂತುಗಳು ಒಂದಕ್ಕೊಂದು ಸೇರಿಹೋಗಿದ್ದವು. ಡಿ5 ಹಿಡಿದ ಕಡೆ ಬಿಡಿಬಿಡಿಯಾಗಿ ಎಣಿಸುವಷ್ಟಿದ್ದವು, ಗಾತ್ರವೂ ಚಿಕ್ಕದು. ತುಂಬಾ ಖುಷಿ ಆಯಿತು.

ಆದರೆ ಅಷ್ಟಕ್ಕೇ ನಂಬಬಾರದು. ಎರಡೆಳೆಯ ಆರ್‌ಎನ್‌ಎ ಒಳಗೆ ಹೋದರೆ ಸುಮ್ನೆ ಅದರಿಂದಲೇ ಇಂಟರ್‌ಫೆರಾನ್ (ವೈರಸ್ ವಿರುದ್ಧ ಕೋಶ ಹೊರಡಿಸುವ ಎಚ್ಚರಿಕೆಯ ಪ್ರೋಟೀನ್) ಎದ್ದು ವೈರಸ್ ಕಡಿಮೆ ಆಗಬಹುದು. ಹಾಗಾಗಿ ಡಿ5 ಹಿಡಿಯದ ಹಾಗೆ ಅಕ್ಷರ ಕ್ರಮ ಕಲಸಿದ ಎಸ್‌ಐಆರ್‌ಎನ್‌ಎ ಹೋಲಿಕೆಗೆ ಜೊತೆಗಿರಲೇಬೇಕು, ಡಿ5ನ ಬೇರೆ ಬೇರೆ ಜಾಗ ಹಿಡಿಯುವ ತುಣುಕುಗಳೂ ಅದೇ ಫಲ ಕೊಡಬೇಕು, ಇಂಟರ್‌ಫೆರಾನ್ ಜೀನ್‌ಗಳನ್ನೂ ಅಳೆದು ನೋಡಬೇಕು. ಈ ಕಂಟ್ರೋಲ್‌ಗಳಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಪಾಕ್ಸ್‌ವೈರಸ್‌ಗಳ ವಿಪಿ55 ಎಂಬ ಕಿಣ್ವ ನಮ್ಮ ಮೈಕ್ರೊಆರ್‌ಎನ್‌ಎಗಳ (ಜೀನ್‌ಗಳನ್ನು ಹತೋಟಿಯಲ್ಲಿಡುವ, ಎಸ್‌ಐಆರ್‌ಎನ್‌ಎಯಂಥದ್ದೇ ಪುಟ್ಟ ಆರ್‌ಎನ್‌ಎಗಳ) ತುದಿಗೆ ಆರ್‌ಎನ್‌ಎಯ ‘ಎ’ ಅಕ್ಷರಗಳ ಬಾಲ ಕಟ್ಟುತ್ತದೆ, ಆಮೇಲೆ ಅವು ನಾಶವಾಗುತ್ತವೆ. ತುದಿಗೆ ಮೀಥೈಲ್ ಗುಂಪು ಇದ್ದರೆ ಉಳಿಯುತ್ತವೆ. ಹಾಗಾಗಿ ನನ್ನ ಎಸ್‌ಐಆರ್‌ಎನ್‌ಎ ತುಣುಕುಗಳನ್ನೂ ಮೀಥೈಲ್ ಹಾಕಿಸಿಯೇ ತರಿಸಿದೆ.

ಸೋಂಕಾದ ಮೇಲೆ ಎಸ್‌ಐಆರ್‌ಎನ್‌ಎ ಕೊಟ್ಟಾಗ, ತಡವಾದಷ್ಟೂ ಪರಿಣಾಮ ಕುಗ್ಗಿತು. ರೋಗಿ ಬರೋದೇ ಗುಳ್ಳೆ ಎದ್ದ ಮೇಲೆ ಅಲ್ವಾ? ಇನ್ನು ತಲುಪಿಸುವ ಸಮಸ್ಯೆ. 2018ರಲ್ಲಿ ಒಪ್ಪಿಗೆ ಪಡೆದ ಮೊದಲ ಎಸ್‌ಐಆರ್‌ಎನ್‌ಎ ಔಷಧಿ ಪ್ಯಾಟಿಸಿರಾನ್, ಕೊಬ್ಬಿನ ಕಣದಲ್ಲಿ ಕೂತು ಯಕೃತ್ತಿಗೆ ಹೋಗುತ್ತದೆ. ನಮಗೆ ಬೇಕಿರೋದು ಚರ್ಮ. ಈಗ ಚರ್ಮದ ಜೀವಕೋಶಗಳಲ್ಲೇ ಬೇರೆ ಬೇರೆ ಕಣಗಳನ್ನು ಹೋಲಿಸಿ ನೋಡುತ್ತಿದ್ದೇನೆ.