ಬ್ರಾಕ್‌ನ ಲೆಸ್ತಾಕ್ ಮನೆಗಳು: ಗೆರೆ ಎಳೆದು ನೋಡಿದ ನನ್ನ ಅನುಭವ

ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ 1908ರ ಬೇಸಿಗೇಲಿ ಫ್ರಾನ್ಸಿನ ಮಾರ್ಸೇ ಹತ್ರದ ಲೆಸ್ತಾಕ್ ಅನ್ನೋ ಊರಲ್ಲಿ ಬರೆದ ಮನೆಗಳ ಚಿತ್ರ ಈಗ ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಂನಲ್ಲಿದೆ. ನಾನು ಒಳ್ಳೆ ಕಲರ್ ಪ್ರಿಂಟ್ ತೆಗೆಸ್ಕೊಂಡು ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ ಅನಲೈಸ್ ಮಾಡ್ದೆ. ಥಿಯರಿ ಓದೋಕ್ ಮುಂಚೆ ಕೈಯಲ್ಲಿ ಗೆರೆ ಎಳೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಪ್ರತಿ ಮನೇಲೂ ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ ಬಾಣದ ಗುರುತು ಹಾಕ್ತಾ ಹೋದೆ. ಇರೋನು ಒಬ್ಬನೇ ಸೂರ್ಯ, ಬಾಣಗಳೆಲ್ಲ ಒಂದೇ ದಿಕ್ಕಿಗಿರ್ಬೇಕಲ್ವಾ, ಇಲ್ಲಿ ಹಾಗಿಲ್ಲ, ಪಕ್ಕಪಕ್ಕದ ಮನೆಗಳಿಗೇ ಬೆಳಕು ಬೇರೆಬೇರೆ ಕಡೆಯಿಂದ ಬರುತ್ತೆ. ಅಂದ್ರೆ ಬ್ರಾಕ್ ನೆರಳು ಹಾಕಿರೋದು ಹೊತ್ತು ಎಷ್ಟಾಯ್ತು ಅಂತ ತೋರ್ಸೋಕಲ್ಲ, ಗೋಡೆ ತಿರುಗೋ ಜಾಗ ಕಾಣ್ಲಿ ಅಂತ.

ಆಮೇಲೆ ಸ್ಕೇಲ್ ಇಟ್ಟು ಸೂರಿನ ಗೆರೆಗಳನ್ನ ಮುಂದಕ್ಕೆ ಎಳೆದೆ, ಪರ್ಸ್ಪೆಕ್ಟಿವ್ (ದೂರ ಹೋದಷ್ಟೂ ಚಿಕ್ಕದಾಗಿ ಕಾಣೋ ಹಾಗೆ ಬರೆಯೋ ರೀತಿ) ಲೆಕ್ಕದಲ್ಲಿ ಎಲ್ಲ ದೂರದ ಬಿಂದುಗಳಿಗೆ ಹೋಗಿ ಕೂಡ್ಬೇಕು, ಇಲ್ಲಿ ಒಂದೊಂದು ಒಂದೊಂದು ಕಡೆ ಹೋಗುತ್ತೆ. ಆಕಾಶ ಇಲ್ಲ, ಮನೆಗಳಿಗೆ ಬಾಗಿಲು ಕಿಟಕಿ ಇಲ್ಲ, ದೂರ ಎಷ್ಟು ಅಂತ ಅಳೆಯೋಕೆ ಕಣ್ಣಿಗೆ ಏನೂ ಸಿಗಲ್ಲ, ಹಿಂದಿನ ಮನೆಗಳು ಮುಂದಿನವುಗಳ ಹೆಗಲ ಮೇಲೆ ಹತ್ತಿ ಕೂತ ಹಾಗಿವೆ.

ತುಂಬಾ ಹೊತ್ತು ಹಿಡಿದಿದ್ದು ಅಂಚುಗಳು. ಗೋಡೆ ಗೆರೆ ಹಿಡ್ಕೊಂಡು ಪೆನ್ಸಿಲ್ ಓಡಿಸ್ತಿದ್ರೆ ನಡುವೆ ಎಲ್ಲೋ ಗೆರೆ ಕರಗಿಹೋಗುತ್ತೆ, ಈ ಗೋಡೆ ಬಣ್ಣ ಪಕ್ಕದ ಗೋಡೆಗೋ ಗಿಡದ ಹಸಿರಿಗೋ ಜಾರ್ಕೊಳ್ಳುತ್ತೆ. ಎಡಗಡೆ ಮರ ನೋಡಿ, ಕಾಂಡ ನಮಗೆ ಹತ್ರ ಇದೆ, ಆದ್ರೆ ಮೇಲೆ ಹೋಗ್ತಾ ಹೋಗ್ತಾ ಅದರ ಸೊಪ್ಪು ಹಿಂದಿನ ಹಸಿರಲ್ಲೇ ಸೇರ್ಕೊಂಡು ಹತ್ರದ್ದು ದೂರದ್ದು ಒಂದೇ ಮಟ್ಟಕ್ಕೆ ಬರುತ್ತೆ. ಇದಕ್ಕೆ ಪಸಾಜ್ ಅಂತಾರೆ, ಬ್ರಾಕ್ ಇದನ್ನ ಕಲಿತಿದ್ದು ತನಗಿಂತ ಹಿಂದಿನ ತಲೆಮಾರಿನ ಫ್ರೆಂಚ್ ಚಿತ್ರಕಾರ ಸೆಜಾನ್ ಚಿತ್ರಗಳಿಂದ.

ಆ ವರ್ಷ ಪ್ಯಾರಿಸಿನ ವಾರ್ಷಿಕ ಕಲಾ ಪ್ರದರ್ಶನ ಸಲೋನ್ ದೊತೋನ್‌ನ ಜೂರಿ ಬ್ರಾಕ್‌ನ ಲೆಸ್ತಾಕ್ ಚಿತ್ರಗಳನ್ನ ಒಪ್ಪಲಿಲ್ಲ, ನವೆಂಬರಲ್ಲಿ ಕಲಾ ವ್ಯಾಪಾರಿ ಕಾನ್‌ವೈಲರ್ ತನ್ನ ಪ್ಯಾರಿಸ್ ಗ್ಯಾಲರಿಲಿ ಬ್ರಾಕ್ ಪ್ರದರ್ಶನ ಇಟ್ಟಾಗ ವಿಮರ್ಶಕ ಲೂಯಿ ವೋಸೆಲ್ ಬ್ರಾಕ್ ಎಲ್ಲಾನೂ ಕ್ಯೂಬ್‌ಗೆ, ಅಂದ್ರೆ ಪೆಟ್ಟಿಗೆ ಆಕಾರಕ್ಕೆ, ಇಳಿಸಿದ್ದಾನೆ ಅಂತ ಬರೆದ. ನನ್ನ ಟ್ರೇಸಿಂಗ್ ಶೀಟಲ್ಲಿ ನೋಡಿದ್ರೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಸಿಗೋದೇ ಕಷ್ಟ, ಒಂದಲ್ಲ ಒಂದು ಕಡೆ ತೆರೆದೇ ಇರುತ್ತೆ, ಆ ತೆರೆದ ಕಡೇನೇ ಈ ಚಿತ್ರದ ಜೀವ.

ನೀವು ಮಾಡೋದಾದ್ರೆ ಸೆಜಾನ್ ಇದೇ ಊರಿಂದ ಬರೆದ ಮಾರ್ಸೇ ಕೊಲ್ಲಿ ಚಿತ್ರ ಒಂದನ್ನ ಪಕ್ಕದಲ್ಲಿಟ್ಕೊಳ್ಳಿ. ಅಲ್ಲಿ ಮನೆಗಳ ಆಚೆ ನೀಲಿ ಕಡಲು, ಆ ದಡದ ಬೆಟ್ಟ, ಆಕಾಶ ಎಲ್ಲ ಇದೆ, ಕಣ್ಣು ಆರಾಮಾಗಿ ದೂರ ಹೋಗುತ್ತೆ. ಬ್ರಾಕ್ ಆ ದಾರೀನೇ ಮುಚ್ಚಿದ, ಬಣ್ಣನೂ ಓಕರ್ (ಮಣ್ಣಿನ ಹಳದಿ), ಹಸಿರು, ಬೂದು ಇಷ್ಟಕ್ಕೇ ಇಳಿಸಿದ, 1906ರಲ್ಲಿ ಇದೇ ಲೆಸ್ತಾಕನ್ನ ಕೆಂಪು ಹಳದಿಯಲ್ಲಿ ಧಗಧಗ ಅನ್ನಿಸಿದ್ದೂ ಇವನೇ.