ಅರ್ಧ ಬಾಕ್ಸ್ ಟೊಮ್ಯಾಟೊ ಮತ್ತು ನನ್ನ ಮಂಡಿ

ನಮ್ಮ ಮನೆಯಲ್ಲಿ ಮಂಡಿ ಎಂದರೆ ಎರಡು. ಒಂದು, ಕೋಲಾರದ ಎಪಿಎಂಸಿಯಲ್ಲಿ ನಮ್ಮ ಯಜಮಾನರು ಟೊಮ್ಯಾಟೊ ಬಾಕ್ಸ್ ಇಳಿಸುವ ಮಂಡಿ. ಇನ್ನೊಂದು, ಏಳುವಾಗ ಕಟಕಟ ಎನ್ನುವ ನನ್ನ ಬಲಗಾಲಿನ ಮಂಡಿ. ಮೂರು ವರ್ಷದ ಹಿಂದೆ ಎರಡೂ ಕಡೆ ನಷ್ಟವೇ ನಡೆಯುತ್ತಿತ್ತು.

ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಜೊತೆ ನೆಲದ ಮೇಲೆ ಕೂರುವುದು, ಏಳುವುದು, ಮತ್ತೆ ಕೂರುವುದು. ಎಕ್ಸರೇ ನೋಡಿದ ಮೂಳೆ ವೈದ್ಯರು ಮಂಡಿ ಸವೆದಿದೆ, ತೂಕ ಇಳಿಸಿ ಎಂದರು. ಊರಿಗೆ ಬಂದರೆ ಎಲ್ಲರೂ ವೈದ್ಯರು. ಅವರೆಕಾಯಿ ವಾಯು, ಆಲೂಗಡ್ಡೆ ವಾಯು, ಬದನೆಕಾಯಿ ನಂಜು. ಪಕ್ಕದ ಮನೆಯ ದೊಡ್ಡಮ್ಮ ಟೊಮ್ಯಾಟೊವನ್ನೂ ಸೇರಿಸಿದರು: "ಆ ಹುಳಿಯೇ ಮೂಳೆ ತಿನ್ನುವುದು ಕಣಮ್ಮ, ಬಿಟ್ಟುಬಿಡು." ಟೊಮ್ಯಾಟೊ ಬೆಳೆದೇ ಬದುಕುವ ಮನೆಯಲ್ಲಿ ಈ ಮಾತು!

ಆದರೂ ಬಿಟ್ಟೆ. ನೋವು ಏನನ್ನಾದರೂ ಬಿಡಿಸುತ್ತದೆ. ಮಕ್ಕಳ ತೂಕ ಬರೆದು ಬರೆದು ಕೈಗೆ ರೂಢಿಯಾಗಿತ್ತಲ್ಲ, ನನಗೂ ಒಂದು ನೋಟ್‌ಬುಕ್ ಇಟ್ಟೆ. ರಾತ್ರಿ ಮಲಗುವ ಮುಂಚೆ ಅಂದಿನ ಊಟ, ಅಂದಿನ ಕೆಲಸ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ. ನಾಲ್ಕು ವಾರ ಟೊಮ್ಯಾಟೊ, ಬದನೆ, ಆಲೂಗಡ್ಡೆ, ಅವರೆ ನಾಲ್ಕೂ ಬಂದ್. ನೋವಿನ ಅಂಕ ಆರು, ಏಳು, ಆರು, ಐದು, ಏಳು. ಮುಂದಿನ ನಾಲ್ಕು ವಾರ ನಾಲ್ಕನ್ನೂ ತಿಂದೆ. ಆರು, ಆರು, ಏಳು, ಐದು. ಅಂಕ ಎಂಟಕ್ಕೆ ಏರಿದ ದಿನಗಳನ್ನು ಹುಡುಕಿದರೆ ಊಟದ ಸಾಲಿನಲ್ಲಿ ಹೊಸದೇನೂ ಇರಲಿಲ್ಲ. ಕೆಲಸದ ಸಾಲಿನಲ್ಲಿ ಮಾತ್ರ "ಕುಕ್ಕರಗಾಲಲ್ಲಿ ಕಳೆ ಕಿತ್ತೆ", "ಕಂಬಳಿ ಒಗೆದೆ" ಎಂದು ಇರುತ್ತಿತ್ತು.

ಇನ್ನೊಂದು ಸಂಗತಿ ನಾಚಿಕೆಯದು. ಪಥ್ಯದ ನಾಲ್ಕು ವಾರದಲ್ಲಿ ನನ್ನ ತೂಕ ಒಂದು ಕಿಲೋ ಏರಿತ್ತು. ಸಾರು ರುಚಿಸದೆ ಚಿತ್ರಾನ್ನ, ಉಪ್ಪಿನಕಾಯಿ ಅನ್ನ, ಮೇಲೆ ಎರಡು ಬೋಂಡಾ ತಿಂದದ್ದರ ಫಲ. ಬಾಕ್ಸ್ ತೂಗುವ ತಕ್ಕಡಿಯ ಮೇಲೆ ನಿಂತೆ: 76.5.

ದಾದಿಯ ಕೆಲಸದಲ್ಲಿರುವ ಮಗಳು ಆಗ ಒಂದು ಲೆಕ್ಕ ಹೇಳಿದಳು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಂಡಿ ಸವೆದ ಭಾರಿ ಮೈಯವರು ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆಯಂತೆ. ನಮ್ಮ ಬಾಕ್ಸ್‌ಗೆ 15 ಕಿಲೋ. ಅರ್ಧ ಬಾಕ್ಸ್ ನನ್ನ ಮೈಯಿಂದ ಇಳಿದರೆ ಮಂಡಿಯಿಂದ ಎರಡು ಬಾಕ್ಸ್ ಇಳಿಯುತ್ತದೆ. ವೈದ್ಯರ "ತೂಕ ಇಳಿಸಿ" ಎಂಬ ಮಾತು ತಲೆಗೆ ಹೋಗಿರಲಿಲ್ಲ. ಬಾಕ್ಸ್ ಲೆಕ್ಕ ಹೋಯಿತು.

ಏನು ತಿನ್ನಬಾರದು ಎಂದು ಹುಡುಕುವುದನ್ನು ಬಿಟ್ಟು ಎಷ್ಟು ತಿನ್ನುತ್ತಿದ್ದೇನೆ ಎಂದು ನೋಡಿದೆ. ಮೊದಲು ಸಿಕ್ಕಿಬಿದ್ದದ್ದು ಟೀ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಂದರೆ ನನ್ನೊಬ್ಬಳಿಗೇ ತಿಂಗಳಿಗೆ ಸುಮಾರು ಒಂದೂವರೆ ಕಿಲೋ ಸಕ್ಕರೆ. ಎರಡು ಲೋಟಕ್ಕೆ, ಅರ್ಧ ಚಮಚಕ್ಕೆ ತಂದೆ. ಮೊದಲ ವಾರ ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ.

ಮುದ್ದೆಯದು ಬೇರೆ ಕಥೆ. ರಾಗಿಯನ್ನು ಬೈಯುವ ಮಾತೇ ಇಲ್ಲ. ನೂರು ಗ್ರಾಂನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುವ ಧಾನ್ಯ ಬೇರೆ ಯಾವುದಿದೆ? ತಪ್ಪು ನನ್ನ ತಟ್ಟೆಯದು. ಎರಡು ಮುದ್ದೆ ನುಂಗಿ, ಮೇಲೆ ಅನ್ನ, ಪಕ್ಕದಲ್ಲಿ ಒಂದು ಚಮಚ ಪಲ್ಯ. ಮುದ್ದೆಯನ್ನು ಅಗಿಯುವವರಿಲ್ಲ, ಹಾಗಾಗಿ ಹೊಟ್ಟೆ ತುಂಬಿತೆಂದು ಗೊತ್ತಾಗುವಷ್ಟರಲ್ಲಿ ಎರಡನೆಯದೂ ಒಳಗೆ ಹೋಗಿರುತ್ತದೆ. ಈಗ ಒಂದೇ ಮುದ್ದೆ, ರಾತ್ರಿ ಅನ್ನ ಇಲ್ಲ. ಬಸ್ಸಾರಿಗೆ ಬಸಿದ ಬೆರಕೆ ಸೊಪ್ಪು, ಹುರುಳಿಕಾಳು ತಟ್ಟೆಯ ಅರ್ಧ. ಜೊತೆಗೆ ಒಂದು ಮೊಟ್ಟೆ, ಏಕೆಂದರೆ ತೂಕದ ಜೊತೆ ತೊಡೆಯ ಮಾಂಸಖಂಡವೂ ಕರಗಿದರೆ ಮಂಡಿಯನ್ನು ಹಿಡಿದಿಡುವವರು ಯಾರು ಎಂದು ಮಗಳ ವಾದ. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ ಹತ್ತು ಎಣಿಸುವ ವ್ಯಾಯಾಮವನ್ನೂ ಅವಳೇ ಕಲಿಸಿದಳು. ಇದಕ್ಕೂ ಆಧಾರವಿದೆ: ಅಮೆರಿಕದಲ್ಲಿ 454 ಜನರನ್ನು 18 ತಿಂಗಳು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಪಥ್ಯ ಅಥವಾ ಬರೀ ವ್ಯಾಯಾಮ ಮಾಡಿದವರಿಗಿಂತ ಎರಡನ್ನೂ ಮಾಡಿದವರಿಗೆ ನೋವು ಕಡಿಮೆಯಾಗಿತ್ತು.

ಅರಿಸಿನದ ಹಾಲು ಕುಡಿದೆ, ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೂ ಗೊತ್ತಾಗಲಿಲ್ಲ. ಮೃದ್ವಸ್ಥಿ (ಕೀಲಿನೊಳಗೆ ಮೂಳೆಯ ತುದಿಗಿರುವ ಮೆತ್ತನೆಯ ಹೊದಿಕೆ) ಬೆಳೆಸುವ ಪುಡಿ ಎಂದು ಯಾರೋ ಮಾರಿದ ದುಬಾರಿ ಡಬ್ಬಿ ಇನ್ನೂ ಅಟ್ಟದ ಮೇಲಿದೆ.

ನೀರಿನ ವಿಷಯವನ್ನು ಮಾತ್ರ ನಮ್ಮ ಜಿಲ್ಲೆಯವರು ಹಗುರವಾಗಿ ಬಿಡಬಾರದು. ಇಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಕೀಲು ಬಿಗಿದು ನೋಯುತ್ತದೆ, ಅದು ಮಂಡಿ ಸವೆತದಂತೆಯೇ ಕಾಣಬಹುದು. ವೈದ್ಯರು ಕೇಳಿದಾಗ "ಘಟಕದ ಶುದ್ಧ ನೀರೇ ಕುಡಿಯುವುದು" ಎಂದೆ ಜಂಭದಿಂದ. "ಅಡುಗೆಗೆ?" ಎಂದರು. ಮುದ್ದೆಗೆ ಎಸರಿಡುವುದು, ಕಾಳು ಬೇಯಿಸುವುದು ಎಲ್ಲ ಕೊಳವೆಬಾವಿಯದು. ಕುದಿಸಿದರೆ ಹೋಗುತ್ತದೆ ಎಂದುಕೊಂಡಿದ್ದೆ. ಕುದಿಸಿದರೆ ನೀರು ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದಿನಿಂದ ಅಡುಗೆಗೂ ಒಂದು ಕ್ಯಾನ್ ಹೆಚ್ಚಾಯಿತು.

ಹದಿನಾಲ್ಕು ತಿಂಗಳಿಗೆ ತಕ್ಕಡಿ 69 ತೋರಿಸಿತು. ನಡುವೆ ಶ್ರೀನಿವಾಸಪುರದ ಮಾವಿನ ಕಾಲ ಬಂದು ಎರಡು ಕಿಲೋ ವಾಪಸ್ ಏರಿತ್ತು. ತಂಗಿಯ ತೋಟ ಅಲ್ಲಿದೆ, ಇನ್ನೇನು ಹೇಳಲಿ. ನೋವಿನ ಅಂಕ ಈಗ ಮೂರು, ಕೆಲವು ದಿನ ನಾಲ್ಕು. ಸವೆದದ್ದು ಬೆಳೆದಿಲ್ಲ, ಕಟಕಟ ನಿಂತಿಲ್ಲ. ಬಸ್ಸಿನ ಮೊದಲ ಮೆಟ್ಟಿಲನ್ನು ಕಂಬಿ ಜಗ್ಗದೆ ಹತ್ತುತ್ತೇನೆ. ಅಂಗನವಾಡಿಯಲ್ಲಿ ಕುರ್ಚಿ ಹಾಕಿಕೊಂಡಿದ್ದೇನೆ, ಮಕ್ಕಳು ಅದರ ಕಾಲಿಗೆ ಜೋತುಬೀಳುತ್ತಾರೆ.

ಹೋದ ಜನವರಿಯಲ್ಲಿ ಸೊಗಡು ಅವರೆ ತಂದು ಹಿತಕಿದ ಬೇಳೆ ಸಾರು ಮಾಡಿದೆ, ಟೊಮ್ಯಾಟೊ ಧಾರಾಳವಾಗಿ ಹಾಕಿ. ದೊಡ್ಡಮ್ಮನಿಗೂ ಒಂದು ಬಟ್ಟಲು ಕಳಿಸಿದೆ. "ವಾಯು" ಎಂದು ಗೊಣಗುತ್ತಲೇ ಬಟ್ಟಲನ್ನು ತೊಳೆದು ವಾಪಸ್ ಕಳಿಸಿದರು.