ಕೂಲರ್ ಹಚ್ಚುವ ಮುಂಚೆ ಮೀಟರ್ ಪಕ್ಕದ ಡಬ್ಬಿ ನೋಡಿ

ನಮಸ್ಕಾರ ರೀ ಎಲ್ಲರಿಗೂ. ವಿಜಯಪುರದಲ್ಲಿ ಬಿಸಿಲು ಏರಿತು ಅಂದರೆ ಮನೆಮನೆಯಲ್ಲೂ ತಗಡಿನ ಕೂಲರ್ ಹೊರಗೆ ಬರುತ್ತದೆ. ನೀರು, ತಗಡು, ಕರೆಂಟು ಮೂರೂ ಒಂದೇ ಕಡೆ. ಹುಷಾರಾಗಿರಬೇಕು ಅಲ್ವಾ?

ಡಬ್ಬಿಯಲ್ಲಿ ಸಾಲಾಗಿರುವ ಸಣ್ಣ ಸ್ವಿಚ್‌ಗಳು ಎಂಸಿಬಿ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುತ್ತವೆ. ವೈರ್ ಸುಡದಂತೆ ಕಾಯುವುದು ಅವುಗಳ ಕೆಲಸ. ಮನುಷ್ಯನ ಜೀವ ತೆಗೆಯಲು 1 ಆಂಪಿಯರ್‌ಗಿಂತ ಎಷ್ಟೋ ಕಡಿಮೆ ಕರೆಂಟು ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಶಾಕ್‌ನಿಂದ ಕಾಯಲು ಬೇಕಾದದ್ದು ಆರ್‌ಸಿಸಿಬಿ ಅನ್ನುವ ಬೇರೆ ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ಅದು ನೋಡುತ್ತಲೇ ಇರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಅಂತ ತಟ್ಟನೆ ಕಟ್ ಮಾಡುತ್ತದೆ. ಕೊಳ್ಳುವಾಗ ಮೇಲೆ 30 ಮಿಲಿಆಂಪಿಯರ್ ಅಂತ ಬರೆದಿದೆಯಾ ನೋಡಿ. 100, 300ರವು ಬೆಂಕಿ ತಡೆಯಲು, ಶಾಕ್‌ಗೆ ಆಗಿಬರುವುದಿಲ್ಲ. ಅದರ ಮೇಲೆ ‘ಟಿ’ ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ಕರೆಂಟು ಇದ್ದಾಗ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ತಡ ಮಾಡದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೇ ಹಿಡಿದರೆ ಮಾತ್ರ ಇದೂ ಕಾಯದೇ ಇರಬಹುದು, ನೆನಪಿರಲಿ.

ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ, ಹಾಗಾಗಿ ಎಂಸಿಬಿಯೂ ಬೇಕೇ ಬೇಕು. ಎರಡೂ ಒಂದರಲ್ಲೇ ಬೇಕಾದರೆ ಆರ್‌ಸಿಬಿಒ ಕೇಳಿ. ಸಿಡಿಲಿನಿಂದ ಟಿವಿ, ಫ್ರಿಜ್ ಉಳಿಸುವ ಎಸ್‌ಪಿಡಿ ಬೇರೆಯೇ ಬರುತ್ತದೆ.

ಇನ್ನೊಂದು ಮಾತು. ಪದೇ ಪದೇ ಬೀಳುತ್ತೆ ಅಂತ ಸುಮ್ನೆ 16ರ ಜಾಗಕ್ಕೆ 32ರ ಎಂಸಿಬಿ ಹಾಕಿಸಬೇಡಿ. ಒಳಗಿನ ವೈರ್ ಹಳೆಯದೇ ಇರುತ್ತದೆ. ಎಂಸಿಬಿ ಬೀಳುವ ಮೊದಲೇ ಗೋಡೆಯೊಳಗೆ ವೈರ್‌ನ ಹೊದಿಕೆ ಕರಗಬಹುದು.